ಮೊದಲು ಯಾರು ತೋರಿಸಬೇಕು?

ಕೊನೇ ಎಲೆ ಬಿದ್ದಿದೆ. ಒಬ್ಬ ಬೆಟ್ ಮಾಡಿದಾನೆ, ಇನ್ನೊಬ್ಬ ಕಾಲ್ ಮಾಡಿದಾನೆ. ಈಗ ಇಬ್ಬರೂ ಎಲೆ ಮುಚ್ಚಿಟ್ಕೊಂಡು ಮುಖ ಮುಖ ನೋಡ್ತಾ ಕೂತಿದಾರೆ. 'ನೀ ತೋರ್ಸು ಬ್ರೋ.' 'ಇಲ್ಲ ಬ್ರೋ, ನೀ ಮೊದ್ಲು.' ಬೆಂಗಳೂರಿನ ಪೋಕರ್ ರೂಮುಗಳಿಗೆ ಹೋಗಿ ಬಂದವರಿಗೆ ಈ ನಾಟಕ ಹೊಸದಲ್ಲ. ಡೀಲರ್ ಸುಮ್ನೆ ನಗ್ತಿರ್ತಾನೆ.

ಉತ್ತರ ಯಾವತ್ತೋ ಬರೆದಿಟ್ಟಾಗಿದೆ. 2001ರಲ್ಲಿ ಶುರುವಾದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ನಿನ ನಿಯಮಗಳ ಪ್ರಕಾರ, ಕೊನೇ ಸುತ್ತಲ್ಲಿ ಕಟ್ಟಕಡೆಗೆ ಬೆಟ್ ಅಥವಾ ರೇಸ್ ಮಾಡಿದವನೇ ಮೊದಲು ತೋರಿಸಬೇಕು. ಆ ಸುತ್ತಲ್ಲಿ ಯಾರೂ ಬೆಟ್ ಮಾಡಿಲ್ಲ ಅಂದ್ರೆ, ಡೀಲರ್ ಬಟನ್ನಿನ ಎಡಕ್ಕೆ ಆಟದಲ್ಲಿ ಉಳಿದಿರೋ ಮೊದಲನೆಯವನು. ಶೋಡೌನ್‌ನಲ್ಲಿ ದುಡ್ಡು ಬೇಕಂದ್ರೆ ಎರಡೂ ಎಲೆ ಮೇಲ್ಮುಖವಾಗಿ ಟೇಬಲ್ ಮೇಲೆ ಬರಬೇಕು. ಬಾಯಲ್ಲಿ ಏನೇ ಹೇಳ್ಲಿ, ಲೆಕ್ಕಕ್ಕೆ ಬರೋದು ಎಲೆ.

ಆದ್ರೆ ನಾನು ಆಡಿದ ಒಂದು ರೂಮಲ್ಲಿ ಒಂದೇ ಎಲೆ ತೋರ್ಸಿ ದುಡ್ಡು ಎಳ್ಕೊಳ್ಬಹುದು. ಇನ್ನೊಂದು ಕಡೆ ಹಳೇ ಗಿರಾಕಿ ಹೇಳಿದ್ದೇ ಶಾಸನ. ನಾವು ಕೋಡ್ ಬರೆಯೋರು ಇದಕ್ಕೆ ಅನ್‌ಡಿಫೈನ್ಡ್ ಬಿಹೇವಿಯರ್ ಅಂತೀವಿ.

ಇದು ಬರೀ ಮರ್ಯಾದೆ ಪ್ರಶ್ನೆ ಅಂತ ತಳ್ಳಿಹಾಕೋರಿದಾರೆ. ಗೆಲ್ಲೋ ಎಲೆ ಕೈಲಿಟ್ಕೊಂಡು ಬೇಕಂತಲೇ ತಡ ಮಾಡಿ ಎದುರಿನವನನ್ನ ಆಡಿಸೋದು ಮರ್ಯಾದೆ ಪ್ರಶ್ನೆ, ಒಪ್ತೀನಿ. ತೋರಿಸೋ ಕ್ರಮ ಹಾಗಲ್ಲ. ಕಾಲ್ ಮಾಡಿದವನು ಎಲೆ ನೋಡೋಕೇ ದುಡ್ಡು ಕೊಟ್ಟಿದಾನೆ. ಇಬ್ಬರು ಗೆಳೆಯರು ಒಳಗೊಳಗೇ ಮಾತಾಡ್ಕೊಂಡು, ಸುಮ್ನೆ ರೇಸ್ ಮಾಡ್ತಾ ಮೂರನೆಯವನನ್ನ ಹಿಂಡಿದ್ರೆ, ಅವರ ಎಲೆ ಮುಚ್ಚೇ ಹೋದ್ರೆ ಮೋಸ ಗೊತ್ತಾಗೋದು ಹೇಗೆ? ಟೂರ್ನಮೆಂಟಲ್ಲಿ ಒಬ್ಬ ಆಲ್‌-ಇನ್ ಆಗಿ ಬೆಟ್ಟಿಂಗ್ ಮುಗಿದ ಕೂಡಲೇ ಎಲ್ಲರ ಎಲೆ ತೆರೀಬೇಕು ಅನ್ನೋ ನಿಯಮ ಈ ಕಾರಣಕ್ಕೂ ಬೇಕು.

ನಮ್ಮ ಕೊಪ್ಪಳ ಕಡೆ ದೀಪಾವಳಿಗೆ ಕಟ್ಟೆ ಮೇಲೆ ತೀನ್ ಪತ್ತಿ ಕೂರುತ್ತೆ. ಅಲ್ಲಿ ಶೋ ಕೇಳೋನು ಮೊದಲು ದುಡ್ಡು ಹಾಕ್ಬೇಕು. ಇಬ್ಬರದೂ ಸಮ ಬಂದ್ರೆ ಶೋ ಕೇಳಿದವನೇ ಸೋತ. ಎಷ್ಟು ಚೊಕ್ಕ ನಿಯಮ ನೋಡಿ! ಹಾಗಂತ ಎಲ್ಲಾ ಒಂದೇ ಅಲ್ಲ. ಎಕ್ಕಾ-ಎರಡು-ಮೂರು ದೊಡ್ಡದೋ, ಎಕ್ಕಾ-ರಾಜ-ರಾಣಿ ದೊಡ್ಡದೋ ಅನ್ನೋದ್ರಲ್ಲಿ ಜಗಳ ಇದ್ದೇ ಇದೆ. ಅದಕ್ಕೇ ಕುಷ್ಟಗಿ ಬೀಗರು ಗಂಗಾವತಿಗೆ ಬಂದು ಕೂತ್ರೆ, ಎಲೆ ಹಂಚೋ ಮೊದ್ಲೇ ಕೇಳ್ತಾರೆ: 'ನಿಮ್ಮ ಕಡೆ ಹೆಂಗಪಾ?' ತಂಟೆ ಬಂದ್ರೆ ಬಿಡಿಸೋಕೆ ಒಬ್ಬ ಕಾಕಾ ಇರ್ತಾನೆ. ಬೆಂಗಳೂರಿನ ಟೇಬಲ್ಲಲ್ಲಿ ಒಂಬತ್ತು ಜನ ಅಪರಿಚಿತರು. ಅಲ್ಲಿ ಕಾಕಾನ ಜಾಗದಲ್ಲಿ ಬರೆದ ನಿಯಮ ಇರಬೇಕು.

2013ರಲ್ಲಿ ಕರ್ನಾಟಕ ಹೈಕೋರ್ಟಲ್ಲಿ ಪೋಕರ್ ಪರವಾಗಿ ಬಂದವರ ವಾದ, ಇದು ಕೌಶಲದ ಆಟ ಅಂತ. 2022ರ ಫೆಬ್ರುವರಿಯಲ್ಲಿ ಅದೇ ಕೋರ್ಟು ರಾಜ್ಯದ ಆನ್‌ಲೈನ್ ನಿಷೇಧವನ್ನ ಹೊಡೆದು ಹಾಕಿದಾಗಲೂ ಮಾತು ಕೌಶಲದ್ದೇ. 2025ರ ಆಗಸ್ಟಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸ್ತು. ಒಂದೊಂದು ರೂಮಲ್ಲಿ ಒಂದೊಂದು ನಿಯಮ ಇದ್ರೆ ಯಾರ ಕೌಶಲ ಅಳೀತೀರಿ? ಡೀಲರ್ ಪರಿಚಯ ಇದ್ದವನದಾ?

ಆ ರೂಮುಗಳ ಗೋಡೆ ಮೇಲೆ ಊಟದ ರೇಟು ಇದೆ, ವೈಫೈ ಪಾಸ್‌ವರ್ಡೂ ಇದೆ. ಅದರ ಪಕ್ಕ ಶೋಡೌನ್ ನಿಯಮದ ಒಂದು ಹಾಳೆ ಅಂಟಿಸೋಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.