ಒಡೆಯನ ಅನುಮಾನ

ನಮ್ಮ ಅಂಜನಾಪುರಕ್ಕೂ ಕಡಲಿಗೂ ಬಲು ದೂರ. ಇಲ್ಲಿ ಕುಳಿತು ನಾವು ಈಚೆಗೆ ನೋಡಿದ್ದು ಎಸ್.ಎಸ್. ರಾಜನ್ ನಿರ್ದೇಶನದ 1967ರ ಕಪ್ಪುಬಿಳುಪು ಚಿತ್ರ ‘ಕುಂಞಾಲಿ ಮರಕ್ಕಾರ್’. ಶ್ರೇಷ್ಠ ಮಲಯಾಳಂ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಕೃತಿಯಿದು.

ಮರಕ್ಕಾರರು ಕಲ್ಲಿಕೋಟೆಯ ಸಾಮೂದಿರಿಯ ನೌಕಾದಳಪತಿಗಳು. ದೊರೆ ಹಿಂದೂ, ದಳಪತಿ ಮುಸ್ಲಿಂ. ಪೋರ್ಚುಗೀಸರ ಭಾರೀ ಹಡಗುಗಳನ್ನು ಇವರು ಸಣ್ಣ, ಚುರುಕಾದ ದೋಣಿಗಳಿಂದ ಕಾಡಿದರು. ಅದೇ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನಿಗೂ ಸಾಮೂದಿರಿಯ ಸ್ನೇಹವಿತ್ತು. ಹಾಗಾಗಿ ಇದು ನಮ್ಮ ಕರಾವಳಿಯ ಕಥೆಯೂ ಹೌದು.

ಕೊಟ್ಟಾರಕ್ಕರ ಶ್ರೀಧರನ್ ನಾಯರ್ ಇಲ್ಲಿ ಕುಂಞಾಲಿ. 2021ರಲ್ಲಿ ತೆರೆಕಂಡ ಪ್ರಿಯದರ್ಶನರ ‘ಮರಕ್ಕಾರ್’ ಚಿತ್ರದಲ್ಲಿ ಕಂಪ್ಯೂಟರ್ ಎಬ್ಬಿಸಿದ ಕಡಲು ಕಣ್ಣು ಕೋರೈಸುತ್ತದೆ. ಹಳೆಯ ಚಿತ್ರಕ್ಕೆ ಆ ಅನುಕೂಲವಿರಲಿಲ್ಲ. ಅದಕ್ಕೇ ಏನೋ, ನಮ್ಮ ಗಮನ ಹಡಗಿಗಿಂತ ಮನುಷ್ಯನ ಮೇಲೆ ನಿಲ್ಲುತ್ತದೆ.

ಆ ಮನುಷ್ಯನ ಪಾಡೇ ಕಥೆಯ ತಿರುಳು. ನಾಲ್ಕನೇ ಕುಂಞಾಲಿಯ ಬಲ ಬೆಳೆದಂತೆ ಸಾಮೂದಿರಿಗೆ ಅನುಮಾನ ಹುಟ್ಟಿತು; ಪೋರ್ಚುಗೀಸರು ಅದಕ್ಕೆ ಗಾಳಿ ಹಾಕಿದರು. 1600ರಲ್ಲಿ ಜೀವದಾನದ ಮಾತು ನಂಬಿ ಆತ ತನ್ನ ದೊರೆಗೇ ಶರಣಾದ. ಆದರೆ ಪೋರ್ಚುಗೀಸರ ವಶವಾಗಿ ಗೋವೆಯಲ್ಲಿ ಕೊಲೆಯಾದ. ಇದನ್ನು ಎರಡು ಧರ್ಮಗಳ ಜಗಳವೆಂದು ಓದಿದರೆ ತಪ್ಪಾದೀತು. ಇದು ಸಿಂಹಾಸನದ ಭಯ. ಆದರೂ, ನಿಷ್ಠೆಯನ್ನು ಮತ್ತೆ ಮತ್ತೆ ರುಜುವಾತು ಮಾಡಬೇಕಾಗಿ ಬಂದವರಿಗೆ ಈ ಶರಣಾಗತಿ ಬರೀ ಚರಿತ್ರೆಯಾಗಿ ಕಾಣುವುದಿಲ್ಲ.

ಮುಂಬೈಯ ಕೊಲಾಬಾದಲ್ಲಿರುವ ಭಾರತೀಯ ನೌಕಾಪಡೆಯ ನೆಲೆಗೆ ಇಂದು ‘ಐಎನ್‌ಎಸ್ ಕುಂಜಾಲಿ’ ಎಂಬ ಹೆಸರಿದೆ. ದೊರೆ ಕೈಬಿಟ್ಟವನನ್ನು ದೇಶ ನೆನಪಿಟ್ಟುಕೊಂಡಿದೆ.