ಬಣ್ಣ ಇಳಿದ ಮೇಲಿನ ಐಸ್‌ಕ್ಯಾಂಡಿ

ಮಕ್ಕಳ ತಿನಿಸಿನ ಸುರಕ್ಷತೆ ಎಂದರೆ ನಮ್ಮಲ್ಲಿ ಮೊದಲು ಕೇಳಿಬರುವುದು ನಿಷೇಧದ ಮಾತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಣ್ಣದ ಬಾಂಬೆ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣವನ್ನೂ ನಿಷೇಧಿಸಿತು; ಪರೀಕ್ಷಿಸಿದ ಮಾದರಿಗಳಲ್ಲಿ ಬಟ್ಟೆಗೆ ಬಳಸುವ ರೋಡಮೈನ್-ಬಿ ಸಿಕ್ಕಿತ್ತು. ಮುಂದಿನ ತಿಂಗಳೇ ದಾವಣಗೆರೆಯಲ್ಲಿ ಹೊಗೆಯಾಡುವ ಬಿಸ್ಕತ್ತು ತಿಂದ ಹುಡುಗನೊಬ್ಬ ಒದ್ದಾಡಿದ ವಿಡಿಯೊ ಹರಿದಾಡಿ, ಆ ಹೊಗೆ ಬರಿಸುವ ದ್ರವ ಸಾರಜನಕದ ಮೇಲೂ ಅಧಿಕಾರಿಗಳ ಕಣ್ಣು ಬಿತ್ತು. ಈ ಕ್ರಮಗಳು ಬೇಕಿದ್ದವು. ಆದರೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಮಕ್ಕಳ ಕೈಗೆ ದಿನವೂ ಬರುವ ಐಸ್‌ಕ್ಯಾಂಡಿಯ ದೋಷ ಒಂದು ಪುಡಿಯನ್ನು ನಿಷೇಧಿಸಿದರೆ ಹೋಗುವಂಥದ್ದಲ್ಲ. ಅದರ ಪಾಕ, ಅಚ್ಚು, ಕಡ್ಡಿ, ಹೊದಿಕೆ ಎಲ್ಲವನ್ನೂ ಚೀಪುವ ಮಗುವನ್ನು ನೆನೆದು ಯಾರೂ ರೂಪಿಸಿಲ್ಲ. ಹಾಗೆ ರೂಪಿಸಿದರೆ ಸುರಕ್ಷಿತವಾದದ್ದೂ ರುಚಿಯಾದದ್ದೂ ಒಂದೇ ಕ್ಯಾಂಡಿ ಆಗುತ್ತದೆ ಎಂಬುದು ನನ್ನ ವಾದ.

ಅಗ್ಗದ ಕೆಂಪು ಕ್ಯಾಂಡಿಯನ್ನು ಮಗು ತಿನ್ನುವುದನ್ನು ಗಮನಿಸಿ. ನಾಲ್ಕಾರು ಸಲ ಜೋರಾಗಿ ಹೀರುವಷ್ಟರಲ್ಲಿ ಬಣ್ಣವೂ ಸಿಹಿಯೂ ಇಳಿದುಹೋಗುತ್ತವೆ. ತುಟಿ, ನಾಲಿಗೆ, ಅಂಗಿಯ ಕಾಲರು ಕೆಂಪಾಗಿ, ಕಡ್ಡಿಯ ಮೇಲೆ ಸಪ್ಪೆ ಬಿಳಿ ಮಂಜುಗಡ್ಡೆ ಉಳಿಯುತ್ತದೆ. ಮಗು ಅದನ್ನು ಹಲ್ಲಿನಿಂದ ಕಡಿಯುತ್ತದೆ, ಇಲ್ಲವೆ ಎಸೆಯುತ್ತದೆ. ಬಣ್ಣ ಬಿಡುವ ಸೀರೆಯನ್ನು ಮಾರಲು ಬನಹಟ್ಟಿಯ ನೇಕಾರ ನಾಚುತ್ತಾನೆ. ಮಗುವಿನ ಬಾಯಲ್ಲಿ ಬಣ್ಣ ಬಿಡುವ ಕ್ಯಾಂಡಿಗೂ ಅದೇ ಮರ್ಯಾದೆ ಸಲ್ಲಬೇಕು. ಹೀಗಾಗುವುದಕ್ಕೆ ಕಾರಣ ಸರಳ. ನೀರು ಹೆಪ್ಪುಗಟ್ಟುವಾಗ ತನ್ನಲ್ಲಿ ಕರಗಿದ್ದನ್ನು ಹರಳಿನಿಂದ ಹೊರಗೆ ತಳ್ಳುತ್ತದೆ. ನಿಧಾನವಾಗಿ ಗಟ್ಟಿಯಾದಷ್ಟೂ ಹರಳು ದಪ್ಪವಾಗಿ, ಬಣ್ಣ-ಸಿಹಿ ಹರಳುಗಳ ಸಂದಿಯಲ್ಲಿ ನಿಲ್ಲುತ್ತವೆ, ಹೀರಿದೊಡನೆ ಬಂದುಬಿಡುತ್ತವೆ. ಸಕ್ಕರೆ ಉಳಿಸಲು ಸ್ಯಾಕರಿನ್ ಹಾಕಿದರಂತೂ ಕಷ್ಟ ಹೆಚ್ಚು. ಅದು ಸಕ್ಕರೆಗಿಂತ ನೂರಾರು ಪಟ್ಟು ಸಿಹಿ, ಆದ್ದರಿಂದ ಒಂದು ಚಿಟಿಕೆ ಸಾಕು; ನೀರಿನಲ್ಲಿ ಕರಗಿದ ಪದಾರ್ಥವೇ ಇಲ್ಲದಂತಾಗಿ ಐಸು ಕಲ್ಲಾಗುತ್ತದೆ. ಹಾಲುಹಲ್ಲಿಗೆ ಬೀಳುವ ಪೆಟ್ಟು, ನಾಲಿಗೆಗೆ ಅಂಟಿಕೊಳ್ಳುವ ಕೊರೆತ ಎರಡೂ ಅಲ್ಲಿಂದಲೇ.

ಪರಿಹಾರದ ಸಾಮಗ್ರಿ ಈ ಸೀಮೆಯಲ್ಲೇ ಇದೆ. ಸುತ್ತೆಲ್ಲ ಕಬ್ಬು, ಮುಧೋಳದ ಮಗ್ಗುಲಲ್ಲಿ ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಪೇಟೆ, ಪಕ್ಕದ ಇಂಡಿಯ ನಿಂಬೆ, ಬಾಗಲಕೋಟೆ ಜಿಲ್ಲೆಯ ದಾಳಿಂಬೆ, ಚಿಕ್ಕು. ಬೆಲ್ಲದ ಪಾಕ, ನಿಂಬೆರಸ, ಚೂರು ಶುಂಠಿ, ಜೊತೆಗೆ ಸ್ವಲ್ಪ ಸಬ್ಬಕ್ಕಿ ಗಂಜಿ ಅಥವಾ ಹಣ್ಣಿನ ತಿರುಳು ಸೇರಿದರೆ ಹರಳು ಸಣ್ಣದಾಗುತ್ತದೆ, ಐಸು ಮೆದುವಾಗುತ್ತದೆ, ರುಚಿ ಕಡ್ಡಿಯ ತನಕ ಉಳಿಯುತ್ತದೆ. ಬಣ್ಣ ಬೇರೆ ಬೇಕಿಲ್ಲ. ಕಾನೂನು ಒಪ್ಪಿದ ಕೃತಕ ಬಣ್ಣಗಳಿದ್ದರೆ ಸಾಕಲ್ಲ ಎನ್ನುವವರಿದ್ದಾರೆ. ನಮ್ಮಲ್ಲಿ ಒಪ್ಪಿತವಾದ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್, ಪಾನ್ಸೊ 4ಆರ್ ಈ ನಾಲ್ಕೂ 2007ರ ಸೌತಾಂಪ್ಟನ್ ಅಧ್ಯಯನದಲ್ಲಿ ಪರೀಕ್ಷೆಗೆ ಒಳಗಾದವು. ಮಕ್ಕಳ ಚಂಚಲತೆಗೂ ಬಣ್ಣದ ಮಿಶ್ರಣಕ್ಕೂ ಅಲ್ಲಿ ಕಂಡ ನಂಟು ದೊಡ್ಡದಲ್ಲ, ಅದರ ಬಗ್ಗೆ ತಕರಾರೂ ಇದೆ. ಆದರೂ ಯುರೋಪಿನಲ್ಲಿ 2010ರಿಂದ ಇಂಥ ತಿನಿಸಿನ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯುವುದು ಕಡ್ಡಾಯ. ಪೊಟ್ಟಣವೇ ಇಲ್ಲದ ಸೈಕಲ್ ಡಬ್ಬಿಯ ಕ್ಯಾಂಡಿಗೆ ಎಚ್ಚರಿಕೆಯನ್ನು ಎಲ್ಲಿ ಬರೆಯೋಣ? ಎಷ್ಟು ಬಣ್ಣ ಬಿತ್ತು ಎಂದು ಅಳೆಯುವ ತಕ್ಕಡಿಯಾದರೂ ಅಲ್ಲಿದೆಯೇ?

ಕಡ್ಡಿಯ ವಿಷಯ ಬೇಗ ಮುಗಿಯುತ್ತದೆ: ಪ್ಲಾಸ್ಟಿಕ್ ಕಡ್ಡಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ, ಮರದ ಕಡ್ಡಿಗೆ ಸಿಬಿರು ಏಳದಂತೆ ತುದಿ ಉಜ್ಜಿರಬೇಕು. ಹೆಚ್ಚು ಯೋಚಿಸಬೇಕಾದದ್ದು ಮಕ್ಕಳು ‘ಪೆಪ್ಸಿ’ ಎಂದೇ ಕರೆಯುವ ಕೊಳವೆ ಐಸಿನ ಬಗ್ಗೆ. ಡಬ್ಬಿಯ ಕರಗುನೀರಿನಲ್ಲಿ ಹೊರಳಾಡಿದ ಆ ಪ್ಲಾಸ್ಟಿಕ್ಕನ್ನು ಮಗು ಹಲ್ಲಿನಿಂದಲೇ ಕಚ್ಚಿ ಹರಿಯಬೇಕು. ಬೆಸೆದ ಅಂಚಿನ ಚೂಪು ಮೂಲೆ ಬಾಯಿಯ ಬದಿಯನ್ನು ಗೀರುತ್ತದೆ, ಹರಿದ ಚೂರು ಗಂಟಲಿಗೂ ಇಳಿಯಬಹುದು. ಮೂಲೆಯನ್ನು ದುಂಡಗೆ ಕತ್ತರಿಸಿ, ಬೆರಳಿನಿಂದ ಹರಿಯಲು ಒಂದು ಗೀರು ಬಿಟ್ಟರೆ ಮುಗಿಯಿತು. ಇಷ್ಟು ಸಣ್ಣ ಕೆಲಸ ಇಷ್ಟು ವರ್ಷ ಆಗದೆ ಉಳಿದದ್ದು ನನಗೆ ನೋವಿನ ಸಂಗತಿ.

ಬೆಲೆ ಏರಿದರೆ ಬಡ ಮಕ್ಕಳಿಗೆ ಐಸೇ ಸಿಗದು ಎಂಬ ಆಕ್ಷೇಪ ತೂಕದ್ದು. ಲೆಕ್ಕ ಹಾಕೋಣ. 60 ಮಿಲಿಲೀಟರ್ ಕ್ಯಾಂಡಿಗೆ 9 ಗ್ರಾಂ ಬೆಲ್ಲ ಸಾಕು. ಕಿಲೋಗೆ 60 ರೂಪಾಯಿ ಹಿಡಿದರೂ 54 ಪೈಸೆ. ಐದು ರೂಪಾಯಿಯ ಮಾಲಿನಲ್ಲಿ ಇದು ಹೊರಲಾಗದ ಭಾರವಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಣ್ಣಿನ ತಿರುಳು ಬೇಗ ಕೆಡುತ್ತದೆ, ಕೊಳಕು ನೀರಿಗೆ ಅದು ಸೇರಿದರೆ ಬಣ್ಣದ ನೀರಿಗಿಂತ ಅಪಾಯ. ಇದು ನಿಜ. ಹೆಪ್ಪುಗಟ್ಟಿಸಿದರೆ ರೋಗಾಣು ಸಾಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಹಾಗಾಗಿ ಪಾಕವನ್ನು ಕುದಿಸಿ, ಮುಚ್ಚಿ ಆರಿಸಿ, ಅಂದೇ ಅಚ್ಚಿಗೆ ಹೊಯ್ಯುವುದು ತಯಾರಿಕೆಯ ಭಾಗವೇ ಆಗಬೇಕು. ಶುಚಿತ್ವವನ್ನು ಕಣ್ಣಿಗೆ ಕಾಣುವಂತೆ ಮಾಡುವ ದಾರಿಯನ್ನು ನೆರೆಯ ಮಹಾರಾಷ್ಟ್ರ 2018ರಲ್ಲೇ ತೋರಿಸಿತು: ತಿನ್ನಲು ಬಾರದ ಕಾರ್ಖಾನೆ ಐಸಿಗೆ ನೀಲಿ ಬಣ್ಣ ಕಡ್ಡಾಯವಾಯಿತು. ಗೋಲಾ ಗಾಡಿಯ ಮೇಲೆ ನೀಲಿ ಗಡ್ಡೆ ಕಂಡರೆ ಓದು ಬಾರದ ತಾಯಿಗೂ ತಿಳಿಯುತ್ತದೆ. ಇನ್ನು ಬೆಲ್ಲವೂ ಹಲ್ಲು ಕೆಡಿಸುವುದಿಲ್ಲವೇ ಎಂದರೆ, ಕೆಡಿಸುತ್ತದೆ. ಅದಕ್ಕೆ ಉತ್ತರ ಸ್ಯಾಕರಿನ್ ಅಲ್ಲ, ಅಚ್ಚಿನ ಅಳತೆ. 60ರ ಜಾಗದಲ್ಲಿ 40 ಮಿಲಿಲೀಟರ್ ಅಚ್ಚು ಇಟ್ಟರೆ ಬೆಲ್ಲ 6 ಗ್ರಾಂಗೆ ಇಳಿಯುತ್ತದೆ. ಕೊನೆಯ ತನಕ ರುಚಿ ಇರುವ ಸಣ್ಣ ಕ್ಯಾಂಡಿಯನ್ನು ಮಗು ಅರ್ಧಕ್ಕೆ ಎಸೆಯುವುದಿಲ್ಲ.