ರೆಮ್ಮವ್ವೆಯ ರಾಟೆ: ಒಂದು ವಚನದ ಸಾಕ್ಷ್ಯವಿಚಾರ

ನಮ್ಮ ಪ್ರಾಚೀನ ಸಾಹಿತ್ಯದಿಂದ ಸ್ತ್ರೀಯರ ನಿತ್ಯಜೀವನವನ್ನು ತಿಳಿಯಬಯಸುವವರು ಸಾಮಾನ್ಯವಾಗಿ ಸ್ತ್ರೀಧರ್ಮವನ್ನು ಬೋಧಿಸುವ ಗ್ರಂಥಗಳನ್ನೇ ಮೊದಲು ಕೈಗೆತ್ತಿಕೊಳ್ಳುವರು. ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ವು ಇವುಗಳಲ್ಲಿ ಪ್ರಸಿದ್ಧವಾದುದು. ಆದರೆ ವಿಧಿವಾಕ್ಯವು ಹೆಂಗಸು ಹೇಗಿರಬೇಕೆಂಬುದನ್ನು ಹೇಳುವುದೇ ಹೊರತು ಹೇಗಿದ್ದಳೆಂಬುದನ್ನಲ್ಲ. ಇದ್ದ ಬಗೆಯನ್ನರಿಯಲು, ಬೇರೊಂದನ್ನು ಹೇಳಹೊರಟಾಗ ನಡುವೆ ತಾನಾಗಿ ಬಂದು ಸೇರಿದ ಮಾತುಗಳೇ ಹೆಚ್ಚು ನಂಬತಕ್ಕವು. ೧೨ನೆಯ ಶತಮಾನದ ಶರಣೆಯೆನ್ನಲಾದ ಕದಿರ ರೆಮ್ಮವ್ವೆಯ ರಾಟೆಯ ವಚನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈಕೆಯ ಹೆಸರಿನಲ್ಲಿ ಉಳಿದಿರುವ ವಚನಗಳು ಕೆಲವೇ. ಅಂಕಿತವು ‘ಕದಿರೆರೆಮ್ಮಿಯೊಡೆಯ ಗುಮ್ಮೇಶ್ವರ’. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಪತಿಯಾದ ಮಾರಯ್ಯನ ಹೆಸರು ಸೇರಿದೆ. ಇಲ್ಲಿಯಾದರೋ ದೇವರ ಹೆಸರಿನೊಡನೆ ನಿಂತಿರುವವು ಆಕೆಯ ಸ್ವಂತ ಹೆಸರು ಮತ್ತು ಆಕೆಯ ಕಸುಬಿನ ಉಪಕರಣ. ಕಾಯಕವು ಹೆಣ್ಣಿಗೆ ಕುಲನಾಮಕ್ಕೆ ಬದಲಾದ ಗುರುತನ್ನು ಕೊಟ್ಟಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ವಚನದಲ್ಲಿ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಕುಲವನ್ನು ವಿವರಿಸುತ್ತಾಳೆ. ಅಡಿಯ ಹಲಗೆಗೆ ಬ್ರಹ್ಮನನ್ನೂ ತೋರಣಕ್ಕೆ ವಿಷ್ಣುವನ್ನೂ ಬೊಂಬೆಗೆ ರುದ್ರನನ್ನೂ ಸಮೀಕರಿಸಿ, ಎರಡು ಸೂತ್ರಕರ್ಣಗಳನ್ನು ಹೇಳಿ, ಅರಿವನ್ನೇ ಕದಿರಾಗಿಸಿ, ಭಕ್ತಿಯ ಕೈಯಿಂದ ಅದನ್ನು ತಿರುಗಿಸುತ್ತಾಳೆ. ವ್ಯಾಖ್ಯಾನಕಾರರ ದೃಷ್ಟಿಯು ಬಹುಮಟ್ಟಿಗೆ ತ್ರಿಮೂರ್ತಿಗಳ ಮೇಲೆಯೇ ನಿಂತಿದೆ. ಹಲಗೆಯನ್ನು ಕೇಳಿದವರು ವಿರಳ. ಕದಿರೊಂದನ್ನೇ ಹೇಳಿದ್ದರೆ ಕೈಯಲ್ಲಿ ಹಿಡಿದು ತಿರುಗಿಸುವ ತಕಲಿಯೂ ಆಗಬಹುದಾಗಿತ್ತು. ಅಡಿಹಲಗೆ, ತೋರಣ, ಬೊಂಬೆಗಳಿರುವುದರಿಂದ ಇದು ನೆಲದ ಮೇಲೆ ನಿಂತ ರಾಟೆಯೆಂಬುದು ನಿಸ್ಸಂದೇಹ.

ಈ ನಿರ್ಣಯವು ಅಲ್ಪವಾದುದಲ್ಲ. ರಾಟೆಯು ಭಾರತಕ್ಕೆ ತುರುಕರ ಆಳ್ವಿಕೆಯೊಡನೆ ಬಂದಿತೆಂದು ಇತಿಹಾಸಜ್ಞ ಇರ್ಫಾನ್ ಹಬೀಬರು ವಾದಿಸಿರುವರು. ಅವರು ತೋರಿಸುವ ಮುಖ್ಯ ಸಾಹಿತ್ಯಾಧಾರವು ಬಹಮನೀ ಸುಲ್ತಾನನ ಆಶ್ರಯದಲ್ಲಿದ್ದ ಇಸಾಮಿಯು ೧೩೫೦ರಲ್ಲಿ ಮುಗಿಸಿದ ‘ಫುತೂಹ್-ಉಸ್-ಸಲಾತೀನ್’. ರಜಿಯಾ ಸುಲ್ತಾನಳನ್ನು ನಿಂದಿಸುತ್ತ, ಹೆಣ್ಣಿಗೆ ಸಿಂಹಾಸನವಲ್ಲ, ರಾಟೆಯೇ ತಕ್ಕುದೆಂದು ಆ ಕವಿಯ ಮತ. ರೆಮ್ಮವ್ವೆಯ ವಚನವು ನಿಜವಾಗಿಯೂ ೧೨ನೆಯ ಶತಮಾನದ್ದಾದರೆ ಈ ಕಾಲಗಣನೆಯು ಹಿಂದಕ್ಕೆ ಸರಿಯಬೇಕಾಗುತ್ತದೆ. ಆದರೆ ವಚನಗಳ ವ್ಯವಸ್ಥಿತ ಸಂಕಲನವು ನಡೆದುದು ೧೫ನೆಯ ಶತಮಾನದಲ್ಲಿ; ಲಿಪಿಕಾರರ ಕೈಯಲ್ಲಿ ಮಾತು ಹೊಸತಾಗಿರುವ ಸಂಭವವುಂಟು. ಆದಕಾರಣ ಈ ವಚನವೊಂದರಿಂದಲೇ ರಾಟೆಯ ಪ್ರಾಚೀನತೆಯನ್ನು ಸ್ಥಾಪಿಸುವುದು ಸಾಹಸವೆಂದೇ ನಮ್ಮ ಅಭಿಪ್ರಾಯ. ಕಾಲವು ಅನಿಶ್ಚಿತವಾದರೂ ಒಂದು ವ್ಯತ್ಯಾಸವು ನಿಶ್ಚಿತ: ಅಲ್ಲಿ ಪುರುಷನೊಬ್ಬನು ಹೆಣ್ಣನ್ನು ರಾಟೆಯ ಬಳಿಗೆ ಅಟ್ಟುತ್ತಾನೆ, ಇಲ್ಲಿ ರಾಟೆಯ ಬಳಿ ಕುಳಿತವಳ ದನಿಯೇ ಕೇಳಿಬರುತ್ತದೆ.

ಆ ದನಿಯ ಕೊನೆಯ ಮಾತು ವಿಶೇಷವಾಗಿ ವಿಚಾರಾರ್ಹವಾಗಿದೆ. ನೂಲು ಸುತ್ತಿ ಕದಿರು ತುಂಬಿದ ಮೇಲೆ, ಇನ್ನು ತಿರುಗಿಸಲಾರೆ, ಗಂಡನು ಹೊಡೆದಾನು ಎಂದು ಆಕೆ ಹೇಳುತ್ತಾಳೆ. ಶರಣಸತಿ-ಲಿಂಗಪತಿ ಭಾವದಲ್ಲಿ ಇದಕ್ಕೆ ಆಧ್ಯಾತ್ಮಿಕವಾದ ಅರ್ಥವನ್ನು ಹೇಳಬಹುದು. ಹೇಳುವುದು ಯುಕ್ತವೂ ಹೌದು. ಆದರೆ ಉಪಮಾನವು ಕೇಳುವವರಿಗೆ ಪರಿಚಿತವಾಗಿಲ್ಲದಿದ್ದರೆ ರೂಪಕವು ನಿಲ್ಲಲಾರದು. ರೆಮ್ಮವ್ವೆಯ ಪತಿಯು ಆಕೆಯನ್ನು ಹೊಡೆದನೆಂದು ಇದರಿಂದ ಊಹಿಸುವುದು ತಪ್ಪು. ನೂಲುವ ಹೆಂಗಸಿಗೆ ಅಂತಹ ಅಂಜಿಕೆಯಿರುವುದು ಕೇಳುವವರಿಗೆ ಸಹಜವಾಗಿ ತೋರುತ್ತಿದ್ದಿತೆಂಬುದನ್ನು ಮರೆಯುವುದೂ ಅಷ್ಟೇ ತಪ್ಪು. ರೂಪಕವು ವ್ಯಕ್ತಿಯ ಚರಿತ್ರೆಗೆ ಸಾಕ್ಷ್ಯವಾಗದು, ಜನಜೀವನಕ್ಕೆ ಆಗುವುದು. ಈ ವಿವೇಕವಿಲ್ಲದೆ ಕೆಲವರು ಶರಣೆಯರಿಗೆ ಕಲ್ಪಿತ ಜೀವನಗಳನ್ನು ಕಟ್ಟುತ್ತಾರೆ. ಮತ್ತೆ ಕೆಲವರು ಅವರ ಬೆವರನ್ನೆಲ್ಲ ತತ್ತ್ವದಲ್ಲಿ ಕರಗಿಸಿಬಿಡುತ್ತಾರೆ.

ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ೧೯೨೩ರಲ್ಲಿ ಹೊರಬಂದಂದಿನಿಂದ ೧೯೯೩ರ ಸಮಗ್ರ ವಚನಸಂಪುಟಗಳವರೆಗೆ ಪಾಠಸಂಗ್ರಹದ ಕಾರ್ಯವು ಶ್ಲಾಘನೀಯವಾಗಿ ನಡೆದಿದೆ. ಇನ್ನು ಆಗಬೇಕಾದುದು, ಕಾಯಕದ ಶಬ್ದಗಳಿಗೆ ಕಸುಬಿನವರನ್ನು ಕೇಳಿ ಅರ್ಥವನ್ನು ನಿರ್ಣಯಿಸುವ ಕಾರ್ಯ. ತೋರಣವು ರಾಟೆಯ ಯಾವ ಭಾಗ, ಸೂತ್ರಕರ್ಣದ ಕೆಲಸವೇನು ಎಂಬುದನ್ನು ಮೊದಲು ತಿಳಿಸಿ ಬಳಿಕ ತ್ರಿಮೂರ್ತಿಗಳನ್ನು ವಿವರಿಸುವ ಅಧ್ಯಾಪಕನು ವಚನದ ತತ್ತ್ವಕ್ಕೆ ಯಾವ ಕುಂದನ್ನೂ ತರುವುದಿಲ್ಲ. ಆ ತತ್ತ್ವವನ್ನು ನೂತ ಕೈಯನ್ನು ವಿದ್ಯಾರ್ಥಿಗಳಿಗೆ ತೋರಿಸಿದಂತಾಗುವುದು.